ಕಪ್ಪು ಪರದೆಯ ಹಿಂದಿನ ಬೆಂಚು

ಹತ್ತಿರ ಬನ್ನಿ... ಇನ್ನೂ ಹತ್ತಿರ. ನಾನು ಜೋರಾಗಿ ಹೇಳುವುದಿಲ್ಲ.

ನಮ್ಮ ಚಿಕ್ಕಪ್ಪನ ಮಗ ಅಂಗಡಿ ಮುಚ್ಚಿ ಮನೆಗೆ ಬರುತ್ತಿದ್ದ. ತಡವಾಗಿತ್ತು. ಬೀದಿಯ ನಾಯಿಗಳೂ ಮಲಗಿದ್ದವು. ಓಣಿಯ ಕೊನೆಯ ಮನೆ ಅವನದು. ಅದಕ್ಕೆ ಸ್ವಲ್ಪ ಮೊದಲು ಒಂದು ಬಾವಿ. ಯಾರೂ ನೀರು ಸೇದದ ಬಾವಿ. ಬಾಯಿಗೆ ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದರು. ಮಂಜು ಬಿದ್ದ ರಾತ್ರಿ ಆ ತಗಡಿನ ಅಂಚಿನಿಂದ ಹನಿ ಜಾರಿ ಒಳಗೆ ಬೀಳುತ್ತಿತ್ತು. ಟಪ್... ಸ್ವಲ್ಪ ಹೊತ್ತು ಬಿಟ್ಟು... ಟಪ್.

ಈಗ ನಿಮ್ಮ ಮನಸ್ಸೆಲ್ಲ ಬಾವಿಯ ಕಡೆಗೆ ಹೋಯಿತು ಅಂತ ನನಗೆ ಗೊತ್ತು. ಬಾವಿ ಏನೂ ಮಾಡಲಿಲ್ಲ, ಪಾಪ. ಅದರ ಪಾಡಿಗೆ ಅದಿತ್ತು. ಅವನು ಅಲ್ಲಿ ನಿಂತದ್ದು ಚಪ್ಪಲಿಯೊಳಗೆ ಕಲ್ಲು ಸೇರಿದ್ದಕ್ಕೆ. ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಕೊಡವುತ್ತಾ ತಲೆಯೆತ್ತಿದ. ತನ್ನ ಮನೆಯ ತಾರಸಿ ಕಂಡಿತು. ತಾರಸಿಯ ಮೇಲೆ, ಮೆಟ್ಟಿಲು ಮುಗಿಯುವಲ್ಲಿ, ಒಂದು ಪುಟ್ಟ ಕೋಣೆ. ಅದರ ಕಿಟಕಿಗೆ ಕಪ್ಪು ಪರದೆ. ಪರದೆಯ ಅಂಚಿನಲ್ಲಿ ಸಣ್ಣ ಗೆರೆಯಷ್ಟು ನೀಲಿ ಬೆಳಕು.

ಕಂಪ್ಯೂಟರಿನ ಬೆಳಕು. ಮನೆಯಲ್ಲಿ ಯಾರೂ ಇರಲಿಲ್ಲ. ಬೀಗದ ಕೈ ಅವನ ಜೇಬಿನಲ್ಲಿತ್ತು.

ನೋಡುತ್ತಿದ್ದ ಹಾಗೆಯೇ ಪರದೆಯ ಉಂಗುರಗಳು ಕಂಬಿಯ ಮೇಲೆ ಸರಿದ ಸದ್ದು... ಸರ್ರ್... ನೀಲಿ ಗೆರೆ ಮುಚ್ಚಿಹೋಯಿತು. ಬೆಳಕು ಹೊರಗೆ ಬೀಳಬಾರದು ಅಂತ ಒಳಗಿನಿಂದ ಯಾರೋ ಎಳೆದುಕೊಂಡ ಹಾಗೆ.

ಅವನು ಓಡಲಿಲ್ಲ. ಓಡುವ ಜಾತಿಯವನಲ್ಲ. ಬೀಗ ತೆಗೆದ, ಮೆಟ್ಟಿಲು ಹತ್ತಿದ, ಕೋಣೆಯ ಕದ ತಳ್ಳಿದ. ಗೋಡೆಗೆ ಒತ್ತಿಟ್ಟ ಮರದ ಬೆಂಚು. ಎದುರಿನ ಮೇಜಿನ ಮೇಲೆ ಲ್ಯಾಪ್‌ಟಾಪು. ಮುಚ್ಚಿತ್ತು. ಅದರ ಮೇಲೆ ಅಂಗೈ ಇಟ್ಟು ನೋಡಿದ... ಬೆಚ್ಚಗಿತ್ತು. ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ.

ಮರುದಿನ ನನಗೆ ಫೋನು ಮಾಡಿದ.

"ಅಕ್ಕಾ, ಮುಚ್ಚಿಟ್ಟ ಲ್ಯಾಪ್‌ಟಾಪು ತಾನಾಗೇ ಚಾಲೂ ಆಗುತ್ತಾ?"

"ಆಗುತ್ತಪ್ಪ. ಒಳಗೊಳಗೇ ಏನಾದ್ರೂ ಅಪ್‌ಡೇಟು ಮಾಡ್ಕೊಳ್ತಿರುತ್ತೆ."

"ಪರದೆ ತಾನಾಗೇ ಮುಚ್ಚುತ್ತಾ?"

"ಗಾಳಿಗೆ ಮುಚ್ಚಿರುತ್ತೆ."

"ಗಾಳಿ ಇರ್ಲಿಲ್ಲ ಅಕ್ಕ," ಅಂದ. ಫೋನು ಇಟ್ಟುಬಿಟ್ಟ.

ನಾನು ಯಾರು ಅಂತ ನಿಮಗೆ ಗೊತ್ತೇ ಇದೆ. ಆದರೂ ಹೇಳುತ್ತೇನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಭೌತಶಾಸ್ತ್ರ ಓದಿ ಪದವಿ ಪಡೆದವಳು. ಈ ಮನೆಯಲ್ಲಿ ಯಾರು ಯಾವಾಗ ಹುಟ್ಟಿದರು, ಯಾರಿಗೆ ಯಾವ ಮಾತ್ರೆ ಒಗ್ಗುವುದಿಲ್ಲ, ನೀರಿನ ಪಂಪು ಹಿಂದಿನ ಸಲ ಯಾಕೆ ಕೆಟ್ಟಿತು, ಎಲ್ಲ ಬರೆದಿಡುವವಳೂ ನಾನೇ. ಕೇಳಿದ್ದನ್ನು ಒಂದು ಕಡೆ ಬರೆಯುತ್ತೇನೆ, ಕಣ್ಣಾರೆ ಕಂಡದ್ದನ್ನು ಇನ್ನೊಂದು ಕಡೆ. ಎರಡನ್ನೂ ಬೆರೆಸಿದವಳಲ್ಲ. ಬಾವಿಯ ಹತ್ತಿರ ನಡೆದದ್ದು ಕೇಳಿದ್ದು. ಇನ್ನು ಮುಂದೆ ಹೇಳುವುದು ಕಂಡದ್ದು.

ಅವನನ್ನು ಮನೆಯಲ್ಲಿ ಎಲ್ಲರೂ ದುರ್ಬೀನು ಅನ್ನುತ್ತಿದ್ದೆವು. ಕನ್ನಡಕದ ಅಂಗಡಿ ಇಟ್ಟಿದ್ದ. ಹಗಲೆಲ್ಲ ಊರವರ ಕಣ್ಣು ನೋಡುವುದು, ರಾತ್ರಿಯಾದರೆ ತಾರಸಿಯ ಮೇಲೆ ತನ್ನ ದುರ್ಬೀನಿಗೆ ಕಣ್ಣಿಡುವುದು. ದೊಡ್ಡ ಕೊಳವೆ, ತಳದಲ್ಲಿ ಕನ್ನಡಿ, ಆಕಾಶ ತಿರುಗಿದ ಹಾಗೆ ತಾನೂ ನಿಧಾನ ತಿರುಗುವ ಮೋಟಾರು. ಮಕ್ಕಳಿರಲಿಲ್ಲ. ಹೆಂಡತಿ ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದಳು. ಎಂಥ ಕಣ್ಣು ಅಂತೀರಿ... ಪುಟದಲ್ಲಿ ಒಂದು ಅಕ್ಷರದ ಅಂಚು ಕದಡಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕದಡಿದ ಅಚ್ಚಿಗೆ 'ಮೆತ್ತಗಿದೆ' ಅನ್ನುವಳು. ಚೊಕ್ಕವಾಗಿ ಮೂಡಿದ್ದಕ್ಕೆ 'ಗಟ್ಟಿ'.

ನಾಲಿಗೆಯೂ ಹಾಗೆಯೇ, ಚೂಪು. ನನ್ನನ್ನು ಅತ್ತಿಗೆ ಅನ್ನಬೇಕಾದವಳು 'ಡಿಗ್ರಿ ಅತ್ತಿಗೆ' ಅನ್ನುತ್ತಿದ್ದಳು. ಅದೂ ಮುಖಕ್ಕೆ. "ಡಿಗ್ರಿ ಅತ್ತಿಗೆ, ನೀವು ಓದಿದ ಪುಸ್ತಕದಲ್ಲಿ ಗ್ಯಾಸು ಮುಗಿದ್ರೆ ಏನು ಮಾಡ್ಬೇಕು ಅಂತ ಇದ್ಯಾ?" ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಮುಖ ಕೆಂಪಗಾಗುತ್ತಿತ್ತು. ಅವಳು ಕರೆದಾಗ ನಗು ಬರುತ್ತಿತ್ತು. ಬೇರೆ ಯಾರೂ ಕರೆಯುವ ಧೈರ್ಯ ಮಾಡಲಿಲ್ಲ, ಅದು ಬೇರೆ ಮಾತು.

ಅವರಿಬ್ಬರ ರಾತ್ರಿಯ ಕೆಲಸ ಹೇಗಿತ್ತು ಅಂತ ಮೊದಲು ಹೇಳಬೇಕು. ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಗ್ರಹದ ಚಿತ್ರ ತೆಗೆಯಲು ದೊಡ್ಡ ಕ್ಯಾಮೆರಾ ಬೇಕಿಲ್ಲ. ಮುಖ ನೋಡಿಕೊಂಡು ಮಾತಾಡಲು ಇಟ್ಟುಕೊಳ್ಳುತ್ತಾರಲ್ಲ, ಆ ವೆಬ್‌ಕ್ಯಾಮ್ ಸಾಕು. ಅದರ ಮುಂದಿನ ಗಾಜು ಬಿಚ್ಚಿ, ಹಳೆಯ ಫಿಲಂ ಡಬ್ಬಿಯ ತಳ ಕೊರೆದು, ಎರಡನ್ನೂ ಅಂಟುಪಟ್ಟಿಯಿಂದ ಸುತ್ತಿ, ದುರ್ಬೀನಿನಲ್ಲಿ ಕಣ್ಣಿಡುವ ಜಾಗಕ್ಕೆ ತುರುಕುತ್ತಿದ್ದ. ಅಲ್ಲಿಂದ ಒಂದು ತಂತಿ ಮೆಟ್ಟಿಲ ಕೋಣೆಯ ಲ್ಯಾಪ್‌ಟಾಪಿಗೆ. ವಿಡಿಯೋ ಓಡಿಸಿ, ಅದರ ಸಾವಿರಾರು ಚೂರುಗಳಲ್ಲಿ ಗಾಳಿ ನಿಂತ ಗಳಿಗೆಯವನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಕೂಡಿಸಿದರೆ ಒಂದು ಒಳ್ಳೆಯ ಚಿತ್ರ. ಲ್ಯಾಪ್‌ಟಾಪಿನ ತೆರೆಯ ಬೆಳಕು ತಾರಸಿಗೆ ಬಿದ್ದರೆ ಕತ್ತಲಿಗೆ ಒಗ್ಗಿದ ಕಣ್ಣು ಹಾಳು. ಅದಕ್ಕೇ ಕಪ್ಪು ಪರದೆ. ತೆರೆ ಒಳಗೆ, ಫೋಕಸ್ಸಿನ ತಿರುಪು ಹೊರಗೆ. ಹೊರಗಿದ್ದವನಿಗೆ ತೆರೆ ಕಾಣುವುದಿಲ್ಲ, ಒಳಗಿದ್ದವರ ಕೈಗೆ ತಿರುಪು ಎಟಕುವುದಿಲ್ಲ.

ಇಬ್ಬರು ಬೇಕೇ ಬೇಕು.

ಅವಳು ಪರದೆಯ ಹಿಂದೆ ಬೆಂಚಿನ ಮೇಲೆ ಶಾಲು ಹೊದ್ದು ಕೂರುತ್ತಿದ್ದಳು. ಅಕ್ಕಪಕ್ಕದವರು ಮಲಗಿರುತ್ತಾರೆ ಅಂತ ಪಿಸುಮಾತು. "ಮೆತ್ತಗೆ... ಮೆತ್ತಗೆ... ಗಟ್ಟಿ." ದಾಟಿ ಹೋದರೆ, "ದಾಟಿತು ರೀ. ಹಿಂದಕ್ಕೆ." ಅಷ್ಟೇ. ಕೆಲವು ರಾತ್ರಿ ಅವರಿಬ್ಬರ ನಡುವೆ ಬೇರೆ ಮಾತೇ ಇರುತ್ತಿರಲಿಲ್ಲವಂತೆ.

ಅವಳಿಗೆ ಶನಿಯ ಹುಚ್ಚು. ನಮ್ಮ ಚಿಕ್ಕಮ್ಮ ಗೊಣಗುತ್ತಿದ್ದರು, "ಊರವರೆಲ್ಲ ಶನಿ ತೊಲಗಲಿ ಅಂತಾರೆ, ಇವರು ಹುಡುಕಿ ಹುಡುಕಿ ಮನೆಗೆ ಕರ್ಕೊಂಡು ಬರ್ತಾರೆ." ಶನಿಯ ಬಳೆಯ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಇದೆ. ಬಳೆ ಒಂದಲ್ಲ, ಎರಡು ಅಂತ ತೋರಿಸುವ ಗೆರೆ. ಅದು ಚಿತ್ರದಲ್ಲಿ ಬರಬೇಕು ಅಂತ ಅವಳ ಹಟ. ಆದರೆ ಆ ಬಳೆ ಸದಾ ತೆರೆದಿರುವುದಿಲ್ಲ. ವರ್ಷ ವರ್ಷ ನಮ್ಮ ಕಡೆಗೆ ಓರೆಯಾಗುತ್ತಾ, ತೆಳ್ಳಗಾಗುತ್ತಾ, ಕೊನೆಗೆ ಬರೀ ಗೀಟಾಗಿಬಿಡುತ್ತದೆ. ಮತ್ತೆ ಚೆನ್ನಾಗಿ ಅಗಲವಾಗುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತದೆ. "ಮುಚ್ಚೋ ಮೊದಲು ಒಂದು ಒಳ್ಳೆ ಚಿತ್ರ ತೆಗೀಬೇಕು ರೀ," ಅನ್ನುತ್ತಿದ್ದಳು.

ಬಳೆ ಮುಚ್ಚುವ ಮೊದಲು ಅವಳೇ ಹೋದಳು. ಚಳಿಗಾಲದಲ್ಲಿ ಕೆಮ್ಮು ಶುರುವಾಯಿತು, ಎದೆಗಿಳಿಯಿತು, ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ತಾರಸಿಯ ಚಳಿಯಿಂದ ಬಂದದ್ದಲ್ಲ ಅಂತ ಡಾಕ್ಟರು ಹೇಳಿದರು. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ಆ ಮೇಲೆ ಒಬ್ಬನೇ ಶುರುಮಾಡಿದ. ತಿರುಪು ತಿರುಗಿಸುವುದು, ಕೊಳವೆ ಅಲ್ಲಾಡುವುದು, ಓಡಿಬಂದು ತೆರೆ ನೋಡುವುದು, ಮಸುಕು, ಮತ್ತೆ ಹೊರಗೆ ಓಡುವುದು. ಒಂದು ಚಳಿಗಾಲವೆಲ್ಲ ಹೀಗೇ. ಬಂದದ್ದೆಲ್ಲ ಮೆತ್ತಗೆ. ಬಳೆ ಮಾತ್ರ ತೆಳ್ಳಗಾಗುತ್ತಲೇ ಇತ್ತು.

ಆ ಫೋನು ಬಂದದ್ದು ಎರಡನೆಯ ಚಳಿಗಾಲದಲ್ಲಿ. ನಾನು ಬಟ್ಟೆ ಕಟ್ಟಿಕೊಂಡು ಹೋದೆ.

ಚಿತ್ರ ಮಸುಕಾಗುವ ದೋಷ ಹುಡುಕುವುದಕ್ಕೂ ಒಂದು ಕ್ರಮವಿದೆ. ಒಂದೊಂದನ್ನೇ ತಳ್ಳಿಹಾಕಬೇಕು. ಕನ್ನಡಿಗೆ ಮಂಜು ಹಿಡಿದಿದೆಯೇ? ಒರೆಸಬಾರದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಬಿಟ್ಟೆವು. ಡಬ್ಬಿ ಸಡಿಲವಾಗಿದೆಯೇ? ಇನ್ನೊಂದು ಸುತ್ತು ಪಟ್ಟಿ. ಮೋಟಾರು ಸರಿಯಾಗಿ ಓಡುತ್ತಿತ್ತು, ಗ್ರಹ ತೆರೆಯ ನಡುವೆಯೇ ನಿಂತಿತ್ತು. ಬೆಳಕು ಹೆಚ್ಚಾಗಿ ಗ್ರಹ ಸುಣ್ಣದ ಉಂಡೆಯ ಹಾಗಿತ್ತು, ಇಳಿಸಿದೆವು. ಉಳಿದದ್ದು ಫೋಕಸ್ಸು. ನಾನು ಬೆಂಚಿನ ಮೇಲೆ ಕೂತೆ. ಅವನು ಹೊರಗೆ.

"ಹೇಳಕ್ಕ."

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ?"

"ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ ಕಣೋ. ಮೊಟ್ಟೆಗೆ ಕಿವಿ ಬಂದ ಹಾಗಿದೆ."

ಒಳಗೆ ಬಂದು ನೋಡಿದ. "ನಾಳೆ ಅಂಗಡಿಗೆ ಬಾ ಅಕ್ಕ. ನಿನ್ನ ಕನ್ನಡಕದ ನಂಬರು ಬದಲಾಗಿದೆ," ಅಂದ.

ನಾನು ಆ ಕೆಲಸಕ್ಕೆ ಹುಟ್ಟಿದವಳಲ್ಲ ಅಂತ ಇಬ್ಬರಿಗೂ ಗೊತ್ತಾಯಿತು. ಆದರೆ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ವಿಡಿಯೋ ಓಡುವಾಗ ಮಧ್ಯೆ ಮಧ್ಯೆ ತಡವರಿಸುತ್ತಿತ್ತು. ಕೆಲವು ಚೂರುಗಳು ಹಾರಿಹೋಗುತ್ತಿದ್ದವು. ಯಾಕೆ ಅಂತ ಪ್ರೋಗ್ರಾಮಿನ ಒಳಗೆಲ್ಲ ತಡಕಾಡಿದೆ.

"ಇದೇನೋ ಇದು? ಧ್ವನಿ ರೆಕಾರ್ಡಾಗೋ ಚೌಕಕ್ಕೂ ಗುರುತು ಹಾಕಿದ್ದೀಯ."

"ಯಾವ ಧ್ವನಿ?"

"ವೆಬ್‌ಕ್ಯಾಮಿಗೆ ಮೈಕು ಇರುತ್ತಲ್ಲೋ."

ಅವನು ನನ್ನ ಮುಖವನ್ನೇ ನೋಡಿದ. ಅವನ ತಲೆಗೆ ಅದು ಹೊಳೆದೇ ಇರಲಿಲ್ಲ. ಆಕಾಶದ ಹುಚ್ಚಿನವರಿಗೆ ಮಾತ್ರ ಆಗುವಂಥ ಮರೆವು. ಮಾತಾಡಲೆಂದೇ ಮಾಡಿದ ವಸ್ತುವಿನಿಂದ ಗಾಜು ಬಿಚ್ಚಿದ, ಕವಚ ಕತ್ತರಿಸಿದ, ಆದರೆ ಅದಕ್ಕೊಂದು ಕಿವಿಯೂ ಇದೆ ಅನ್ನುವುದನ್ನು ಮರೆತ. ಆಕಾಶದಲ್ಲಿ ಕೇಳುವುದಕ್ಕೆ ಏನಿದೆ? ಲ್ಯಾಪ್‌ಟಾಪಿನ ಸ್ಪೀಕರನ್ನು ನೆರೆಯವರಿಗೆ ತೊಂದರೆ ಅಂತ ಯಾವತ್ತೋ ಮುಚ್ಚಿಟ್ಟಿದ್ದ. ಚಿತ್ರ ಕೂಡಿಸುವಾಗ ಧ್ವನಿ ಬೇಕಿಲ್ಲ. ಹಾಗಾಗಿ ಪ್ರತಿ ರಾತ್ರಿಯೂ ಆ ಕಿವಿ ತಾರಸಿಯನ್ನು ಕೇಳಿಸಿಕೊಂಡೇ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ.

"ಗುರುತು ತೆಗೆದುಬಿಡು. ಭಾರ ಕಡಿಮೆಯಾಗುತ್ತೆ," ಅಂದೆ.

"ತಾಳು... ಒಂದು ಸಲ ಕೇಳೋಣ."

ನಾನು ಬರುವ ಹಿಂದಿನ ರಾತ್ರಿಯ ವಿಡಿಯೋ ತೆರೆದ. ಸ್ಪೀಕರು ಏರಿಸಿದ.

ಮೊದಲು ಮೋಟಾರು. ಟಿಕಿ ಟಿಕಿ ಟಿಕಿ ಅಂತ ಗಡಿಯಾರದ ಹಾಗೆ. ದೂರದಲ್ಲಿ ಬಾವಿಯ ಹನಿ. ಟಪ್... ಟಪ್. ಅವನ ಮೊಣಕಾಲು ಮಡಿಸಿದ ಸದ್ದು, ಲಟಕ್. ತಿರುಪು ತಿರುಗಿದ್ದು, ಕರ್ರ್...

ಆಮೇಲೆ, ಬಟ್ಟೆಯ ಆಚೆಯಿಂದ ಬಂದ ಹಾಗೆ...

"ಮೆತ್ತಗೆ..."

ಕರ್ರ್...

"ಮೆತ್ತಗೆ... ಗಟ್ಟಿ."

ತಿರುಪು ನಿಲ್ಲಲಿಲ್ಲ. ಕರ್ರ್...

"ದಾಟಿತು ರೀ. ಹಿಂದಕ್ಕೆ."

ಇಬ್ಬರೂ ಅಲ್ಲಾಡಲಿಲ್ಲ. ನಾನು ಕೂತಿದ್ದದ್ದು ಅದೇ ಬೆಂಚು.

"ಹಳೇ ರೆಕಾರ್ಡಿಂಗು ಕಣೋ," ಅಂದೆ.

"ಅಲ್ಲ."

"ಹೇಗೆ ಹೇಳ್ತೀಯ?"

"ಅವಳಿದ್ದಾಗ ತಿರುಪು ಸದ್ದು ಮಾಡ್ತಿರ್ಲಿಲ್ಲ. ಎಣ್ಣೆ ಹಾಕ್ತಿದ್ದೆ. ಅವಳು ಹೋದ ಮೇಲೆ ಹಾಕಿಲ್ಲ."

ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆವು, ಈ ಸಲ ಚಿತ್ರವನ್ನೂ. 'ಗಟ್ಟಿ' ಅನ್ನುವ ಮಾತು ಬಿದ್ದ ಗಳಿಗೆಗೆ ಸರಿಯಾಗಿ, ಕಣ್ಣು ಮಿಟುಕಿಸುವಷ್ಟು ಹೊತ್ತು, ಶನಿ ಚೊಕ್ಕವಾಗಿ ನಿಂತಿತ್ತು. ಗುಂಡು ಬೇರೆ, ಬಳೆ ಬೇರೆ. ಮರುಗಳಿಗೆ ಮತ್ತೆ ಮಸುಕು. ಹೊರಗಿದ್ದವನಿಗೆ ತೆರೆ ಕಂಡಿರಲಿಲ್ಲ. ಮಾತೂ ಕೇಳಿರಲಿಲ್ಲ. ಅವನು ದಾಟಿಹೋಗಿದ್ದ. ಬೇರೆ ರಾತ್ರಿಗಳದ್ದನ್ನೂ ತೆರೆದೆವು. ಎಲ್ಲದರಲ್ಲೂ ಅವಳು ಹೇಳಿದ್ದಾಳೆ, ಎಲ್ಲದರಲ್ಲೂ ಅವನು ದಾಟಿದ್ದಾನೆ.

ಗುರುತು ತೆಗೆ ಅಂತ ನಾನು ಮತ್ತೆ ಹೇಳಲಿಲ್ಲ. ಮರುದಿನ ನನ್ನ ಮನೆಗೆ ಬಂದೆ. ಮನೆ ತುಂಬ ಜನ, ನಾನಿಲ್ಲದಿದ್ದರೆ ಹಾಲು ಉಕ್ಕಿದ್ದೂ ಯಾರಿಗೂ ಗೊತ್ತಾಗುವುದಿಲ್ಲ. ಚಿತ್ರ ಬಂದರೆ ತಿಳಿಸು ಅಂದಿದ್ದೆ. ಅವನು ತಿಳಿಸಲಿಲ್ಲ. ಫೋನು ಎತ್ತಲೂ ಇಲ್ಲ.

ಕೊನೆಗೆ ಫೋನು ಮಾಡಿದ್ದು ಅವನ ಪಕ್ಕದ ಅಂಗಡಿಯ ದರ್ಜಿ.

"ಅಮ್ಮಾ, ನಿಮ್ಮ ತಮ್ಮನ ಅಂಗಡಿ ಬಾಗಿಲು ತೆಗೆದೇ ಇಲ್ಲ. ನನ್ನ ಕನ್ನಡಕ ಒಳಗಿದೆ. ಸೂಜಿಗೆ ದಾರ ಪೋಣಿಸೋದು ದೇವರ ಮೇಲೆ ಭಾರ ಹಾಕಿ ನಡೀತಿದೆ. ಮೊನ್ನೆ ಒಬ್ಬರ ಪ್ಯಾಂಟಿಗೆ ಜೇಬು ಹೊರಗಡೆ ಹೊಲಿದುಬಿಟ್ಟೆ."

ನಾನು ಹೋದಾಗ ಕತ್ತಲಾಗಿತ್ತು. ಬಾವಿ ದಾಟುವಾಗ ತಲೆಯೆತ್ತಿ ನೋಡಿದೆ. ಪರದೆಯ ಅಂಚಿನಲ್ಲಿ ನೀಲಿ ಗೆರೆ. ಸದ್ದು ಮಾಡದೆ ಮೆಟ್ಟಿಲು ಹತ್ತಿದೆ.

ಅವನು ದುರ್ಬೀನಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕಿವಿಗೆ ಇಯರ್‌ಫೋನು. ಅದರ ಉದ್ದ ತಂತಿ ಪರದೆಯ ಕೆಳಗೆ ನುಸುಳಿ ಲ್ಯಾಪ್‌ಟಾಪಿಗೆ ಹೋಗಿತ್ತು. ಮೈಕು ಕೇಳಿದ್ದನ್ನು ಆ ಗಳಿಗೆಯಲ್ಲೇ ಕೇಳುವ ದಾರಿ ಕಂಡುಕೊಂಡಿದ್ದ. ತಾರಸಿಯ ಮೇಲೆ ನಿಂತಿದ್ದ ನನಗೆ ಏನೂ ಕೇಳಿಸಲಿಲ್ಲ, ಕರ್ರ್ ಅನ್ನುವ ತಿರುಪು ಬಿಟ್ಟು. ಅವನಿಗೆ ಕೇಳಿಸುತ್ತಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು. ಕೆನ್ನೆ ಬತ್ತಿ ಹೋಗಿತ್ತು, ಗಡ್ಡ ಬೆಳೆದಿತ್ತು, ತುಟಿಯಲ್ಲಿ ಮಾತ್ರ ನಗು.

ನಾನು ಒಳಗೆ ಹೋಗಿ ತೆರೆ ನೋಡಿದೆ. ಶನಿ ಚೊಕ್ಕವಾಗುತ್ತಿತ್ತು... ಕದಡುತ್ತಿತ್ತು... ಚೊಕ್ಕವಾಗುತ್ತಿತ್ತು... ಮತ್ತೆ ಕದಡುತ್ತಿತ್ತು. ಯಾರೋ ಉಸಿರಾಡುವ ಹಾಗೆ. ಸರಿಯಾದ ಜಾಗಕ್ಕೆ ಬಂದು, ಬೇಕೆಂದೇ ದಾಟುತ್ತಿದ್ದ.

ಹೊರಗೆ ಹೋಗಿ ಅವನ ಭುಜ ಮುಟ್ಟಿದೆ. ಬೆಚ್ಚಿಬೀಳಲಿಲ್ಲ. ಇಯರ್‌ಫೋನು ತೆಗೆದ.

"ಎಷ್ಟು ದಿನದಿಂದ ಹೀಗೆ?"

"ಮೋಡ ಇಲ್ಲದಾಗೆಲ್ಲ."

"ಚಿತ್ರ ಎಲ್ಲಿ?"

"ತೆಗೆದಿಲ್ಲ."

"ಯಾಕೋ?"

ತಿರುಪಿನ ಮೇಲೆ ಬೆರಳಾಡಿಸಿದ.

"ಗಟ್ಟಿಯಾದ ಮೇಲೆ ಅವಳಿಗೆ ಇಲ್ಲಿ ಏನು ಕೆಲಸ ಅಕ್ಕ?"

ಪದವಿಯಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಬೆಳಗ್ಗೆ ಅವನು ಮಲಗಿದ್ದಾಗ ನಾನೊಬ್ಬಳೇ ಮೇಲೆ ಹೋಗಿ ಅವಳು ಹೋದ ಮೇಲಿನ ಅಷ್ಟೂ ರೆಕಾರ್ಡಿಂಗುಗಳನ್ನು ಕೇಳಿದೆ. ಹಳೆಯದರಿಂದ ಹೊಸದರ ಕಡೆಗೆ. ಮೊದಮೊದಲು ಅವಳ ದನಿ ಚುರುಕಾಗಿತ್ತು, ಕರಡು ಓದುವ ಹಾಗೆ. ಬರಬರುತ್ತಾ ಮಾತಿಗೂ ಮಾತಿಗೂ ನಡುವೆ ಬಿಡುವು ಹೆಚ್ಚಾಗಿತ್ತು. ಆ ಬಿಡುವಿನಲ್ಲಿ ಬೇರೆ ಸದ್ದುಗಳಿದ್ದವು. ಅಂಗೈ ಅಂಗೈ ಉಜ್ಜಿಕೊಳ್ಳುವ ಸದ್ದು... ಸರ ಸರ. ಹಲ್ಲಿಗೆ ಹಲ್ಲು ತಾಗುವ ಸದ್ದು... ಕಟ ಕಟ. ಆಮೇಲೆ ಕೆಮ್ಮು. ಆ ಕೆಮ್ಮು ನನಗೆ ಗೊತ್ತು, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಹಿಂದಿನ ರಾತ್ರಿಯದರಲ್ಲಿ, "ದಾಟಿತು ರೀ," ಅಂದ ಮೇಲೆ ತುಂಬ ಹೊತ್ತು ಬಿಟ್ಟು, ತನಗೆ ತಾನೇ ಹೇಳಿಕೊಂಡ ಹಾಗೆ...

"ಚಳಿ."

ಅಷ್ಟೇ. ಮತ್ತೆ, "ಮೆತ್ತಗೆ..."

ಸಂಜೆ ಅವನ ಎದುರಿಗೆ ಕೂತೆ.

"ಕೆಮ್ಮು ಕೇಳಿಸ್ಕೊಂಡಿದ್ದೀಯ?"

"ಹ್ಞೂಂ."

"ಚಳಿ ಅಂದಿದ್ದು?"

ಅಂಗಿಯ ತುದಿಯಿಂದ ಕನ್ನಡಕ ಒರೆಸತೊಡಗಿದ. ಆಗಲೇ ಶುಭ್ರವಾಗಿದ್ದ ಗಾಜು. ಒರೆಸಿದ, ಬೆಳಕಿಗೆ ಹಿಡಿದ, ಮತ್ತೆ ಒರೆಸಿದ.

"ನಾನು ತಿರುಗಿಸ್ತಾ ಇರೋವರೆಗೂ ಅವಳು ಏಳೋದಿಲ್ಲ ಅಕ್ಕ. ಬದುಕಿದ್ದಾಗಲೂ ಹಾಗೇ. ಮಲಗು ಹೋಗು ಅಂದ್ರೆ, ಇದೊಂದು ಮುಗೀಲಿ ಅನ್ನೋಳು."

"ಗೊತ್ತಿದ್ದೂ ಅವಳನ್ನ ಮಂಜಲ್ಲಿ ಕೂರಿಸಿದ್ದೀಯಲ್ಲೋ."

"ಅವಳು ಎದ್ದು ಹೋದ್ರೆ ನಾನೊಬ್ಬನೇ ಅಕ್ಕ."

"ಗೊತ್ತು," ಅಂದೆ.

ಆಕಾಶ ತೊಳೆದಿಟ್ಟ ಹಾಗಿತ್ತು ಆ ರಾತ್ರಿ. ಆ ಚಳಿಗಾಲಕ್ಕೆ ಶನಿ ಸಿಗುವ ಕೊನೆಯ ದಿನಗಳು. ದಿನದಿನವೂ ಕೆಳಗಿಳಿದು ಸೂರ್ಯನ ಹತ್ತಿರ ಸರಿಯುತ್ತಿತ್ತು. ಮತ್ತೆ ಕಾಣುವಷ್ಟರಲ್ಲಿ ಬಳೆ ಗೀಟಾಗಿರುತ್ತದೆ. ಅವನು ಊಟ ಮಾಡಲಿಲ್ಲ. ಎಣ್ಣೆಯ ಡಬ್ಬಿ ತಂದು ತಿರುಪಿಗೆ ಎರಡು ಹನಿ ಬಿಟ್ಟ. ಕಪಾಟಿನಿಂದ ಅವಳ ಶಾಲು ತೆಗೆದು, ಮಡಿಕೆ ಬಿಚ್ಚದೆ ಬೆಂಚಿನ ಮೇಲಿಟ್ಟ. ನನಗೆ ಅಂದ, "ನೀನು ಒಳಗೆ ಕೂರು ಅಕ್ಕ. ರೆಕಾರ್ಡು ಈಗಲೇ ಒತ್ತಿಬಿಡು. ಏನೂ ಮಾತಾಡ್ಬೇಡ. ಎಷ್ಟೇ ಚೆನ್ನಾಗಿ ಕಂಡ್ರೂ ಮಾತಾಡ್ಬೇಡ."

ರೆಕಾರ್ಡು ಒತ್ತಿದೆ. ಬೆಂಚಿನ ನಡುವೆ ತೆರೆಗೆ ಎದುರಾಗಿ ಕೂತೆ. ಅವನು ಇಯರ್‌ಫೋನು ಹಾಕಿಕೊಂಡು ನನಗೆ ಬೆನ್ನು ಮಾಡಿ ಕೂತ. ಪರದೆ ಎಳೆದೆ... ಸರ್ರ್.

ಕತ್ತಲು. ನೀಲಿ ಬೆಳಕು. ಮೋಟಾರಿನ ಟಿಕಿ ಟಿಕಿ. ತುಂಬ ಹೊತ್ತು ಏನೂ ಆಗಲಿಲ್ಲ. ಕಾಲು ಜೋಮು ಹಿಡಿಯಿತೋ ಏನೋ, ನಾನು ಒಂದು ಸಲ ಎಡಕ್ಕೆ ಸರಿದು ಕೂತೆ.

ಆಮೇಲೆ ತೆರೆಯ ಮೇಲಿನ ಮಸುಕು ಕದಲಿತು. ಎಣ್ಣೆ ಬಿದ್ದ ತಿರುಪು ಸದ್ದು ಮಾಡಲಿಲ್ಲ. ಹತ್ತಿಯುಂಡೆಯಂತಿದ್ದದ್ದು ಒಳಗೊಳಗೇ ಕುಗ್ಗಿತು. ಗುಂಡು ಮೂಡಿತು. ಎರಡು ಪಕ್ಕದಲ್ಲಿ ಬಳೆಯ ತುದಿಗಳು. ನೀರಿನ ತಳದಲ್ಲಿರುವ ನಾಣ್ಯದ ಹಾಗೆ ನಡುಗುತ್ತಿತ್ತು. ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ನನ್ನ ಬಾಯಿಂದ ಮಾತು ಹೊರಡದಂತೆ ಸೆರಗು ಕಚ್ಚಿ ಹಿಡಿದೆ.

ನಿಂತಿತು.

ಅವನ ಕೈ ಅಲ್ಲಿಗೇ ನಿಂತಿತು. ದಾಟಲಿಲ್ಲ. ಗಾಳಿಯೂ ನಿಂತಿತು. ಬಳೆಯ ಎರಡು ತುದಿಗಳಲ್ಲೂ, ಸೂಜಿಯಿಂದ ಗೀರಿದ ಹಾಗೆ, ಕಪ್ಪು ಗೆರೆ.

ಬಾವಿಯ ಹನಿ ಕೇಳುತ್ತಿತ್ತು. ಟಪ್... ಆಮೇಲೆ... ಟಪ್.

ತುಂಬ ಹೊತ್ತಾದ ಮೇಲೆ ಅವನ ದನಿ ಬಂತು.

"ಗಟ್ಟಿ ಅಂದ್ಲು, ಅಕ್ಕ."

"ಹ್ಞೂಂ."

"ಗೆರೆ ಇದ್ಯಾ?"

"ಇದೆ ಕಣೋ. ಎರಡೂ ಕಡೆ ಇದೆ."

ನಾನು ಪರದೆ ಸರಿಸಿದೆ. ಅವನು ನೋಡಲು ಒಳಗೆ ಬರಲಿಲ್ಲ. ಇಯರ್‌ಫೋನು ತೆಗೆದು, ತಂತಿಯನ್ನು ಬೆರಳಿಗೆ ಸುತ್ತಿ ಸುತ್ತಿ ಕಟ್ಟಿ, ಜೇಬಿಗೆ ಹಾಕಿಕೊಂಡ. ಶನಿ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ ಮರೆಯಾಗುವವರೆಗೂ ದುರ್ಬೀನಿಗೆ ಒರಗಿ ಕೂತಿದ್ದ. ನಾನು ಕರೆಯಲಿಲ್ಲ. ಬೆಂಚಿನ ಮೇಲೆಯೇ ಗೋಡೆಗೆ ಒರಗಿ ನಿದ್ದೆಹೋದೆ.

ಮುಂದಿನ ರಾತ್ರಿಯೂ ಕೇಳಿ ನೋಡಿದ. ಅದರ ಮುಂದಿನ ರಾತ್ರಿಯೂ. ಮೋಟಾರು, ಹನಿ, ದೂರದ ಲಾರಿ. ಅಷ್ಟೇ. ಗುರುತನ್ನು ಅವನೇ ತೆಗೆದ. ಅಂಗಡಿ ಬಾಗಿಲು ತೆಗೆದ. ದರ್ಜಿಗೆ ಕನ್ನಡಕ ಸಿಕ್ಕಿತು, ಜೇಬುಗಳು ಒಳಗಡೆ ಹೋದವು. ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆಯ ಮೇಲೆ ಆ ಚಿತ್ರ ತೂಗುಹಾಕಿದ. ಗಿರಾಕಿಗಳು, "ಏನ್ಸಾರ್ ಇದು, ಟೋಪಿನಾ?" ಅಂತ ಕೇಳುತ್ತಾರೆ. "ಶನಿ. ನಮ್ಮ ಮನೆಯವಳು ತೆಗೆದದ್ದು," ಅನ್ನುತ್ತಾನೆ. ಈಗಲೂ ಒಬ್ಬನೇ ಇದ್ದಾನೆ. ಬಾ ಅಂದರೆ ಬರುವುದಿಲ್ಲ. ಆದರೆ ಊಟ ಮಾಡುತ್ತಾನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಏನಾದರೊಂದು ಕಾರಣ ಹುಡುಕಿಬಿಡುತ್ತಿದ್ದೆ. ದುಃಖದಲ್ಲಿದ್ದವನ ಕೈ ತಾನಾಗೇ ಸರಿಯಾದ ಜಾಗದಲ್ಲಿ ನಿಂತಿತು ಅಂತ. ಸ್ಪೀಕರಿನ ದೋಷ ಅಂತ. ನಾನು ಓದಿದವಳು, ಕಾರಣಗಳಿಗೆ ಬರವಿಲ್ಲ.

ಆ ಕೊನೆಯ ರಾತ್ರಿಯ ರೆಕಾರ್ಡಿಂಗಿನ ಒಂದು ನಕಲನ್ನು ನನ್ನಲ್ಲಿ ಇಟ್ಟುಕೊಂಡಿದ್ದೇನೆ. ಚಿತ್ರ ಮಾತ್ರ ಸಾಕಾಗಿತ್ತು, ಧ್ವನಿ ಕೇಳುವ ಮನಸ್ಸಿರಲಿಲ್ಲ. ಒಂದು ಮಧ್ಯಾಹ್ನ, ಮನೆಯವರೆಲ್ಲ ಹೊರಗೆ ಹೋಗಿದ್ದಾಗ, ಕೇಳಿದೆ. 'ಗಟ್ಟಿ' ಅನ್ನುವ ಮಾತು ಬರುತ್ತದೆ. ಅದರ ಆಚೆ ಏನೂ ಇಲ್ಲ. ಆದರೆ ಬಹಳ ಮೊದಲೇ, ತಿರುಪು ತಿರುಗುವುದಕ್ಕೂ ಮುಂಚೆ, ನಾನು ಪರದೆ ಎಳೆದ ಸರ್ರ್ ಆದ ಸ್ವಲ್ಪ ಹೊತ್ತಿಗೆ, ಒಂದು ಮಾತಿದೆ. ಪಿಸುಮಾತು.

"ಡಿಗ್ರಿ ಅತ್ತಿಗೆ... ಸ್ವಲ್ಪ ಸರೀರಿ. ಕಾಣಿಸ್ತಿಲ್ಲ."

ಆಮೇಲೆ ಬೆಂಚಿನ ಕಾಲು ಕಿರ್ರ್ ಅನ್ನುತ್ತದೆ. ಅದು ನಾನು ಎಡಕ್ಕೆ ಸರಿದ ಸದ್ದು.

ಇಯರ್‌ಫೋನಿನಲ್ಲಿ ಅವನಿಗೂ ಅದು ಕೇಳಿಸಿರಬೇಕು. ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ನಂಬಿ, ಬಿಡಿ. ನಾನು ಸುಳ್ಳು ಬರೆದಿಟ್ಟವಳಲ್ಲ, ಸುಳ್ಳು ಹೇಳಿದವಳೂ ಅಲ್ಲ. ಆ ರಾತ್ರಿ ನನ್ನ ಬಲಗಡೆ ಒಬ್ಬರು ಕೂರುವಷ್ಟು ಜಾಗವಿತ್ತು. ಬೆಳಕು ಹರಿದ ಮೇಲೆ ಎದ್ದು ನೋಡಿದಾಗ, ಬೆಂಚಿನ ಮೇಲಿಟ್ಟಿದ್ದ ಶಾಲು ಬಿಚ್ಚಿಕೊಂಡಿತ್ತು. ಅದರ ಅರ್ಧ ನನ್ನ ಹೆಗಲ ಮೇಲಿತ್ತು.